ಇಪ್ಪತ್ತು ನಿಮಿಷದ ಲಾಲಿಬಾಯಿ

ಗೋವೆಯ ಕುಂಕಳ್ಳಿಯ ಆ ಶಾಲೆಯ ಆಸ್ತಿ ಇಷ್ಟು: ಹನ್ನೊಂದು ತರಗತಿ, ಒಂಬತ್ತು ಪಾಯಖಾನೆ, ಎರಡು ಉದ್ದನೆಯ ವರಾಂಡ, ಒಂದು ಹಲಸಿನ ಮರ, ಒಬ್ಬಳು ಲಾಲಿಬಾಯಿ. ಶಾಲೆಯನ್ನು ನಡೆಸುವವರು ತಾವು ಎಂದು ಹೆಡ್‌ಸರ್ ತಿಳಿದಿದ್ದರು. ಪಾಪ, ಅವರು ಬರುತ್ತಿದ್ದದ್ದು ಏಳೂವರೆಗೆ. ಅಷ್ಟು ಹೊತ್ತಿಗೆ ರಾಜ್ಯಭಾರವೆಲ್ಲ ಮುಗಿದು, ನೆಲ ಒಣಗಿ, ಫಿನೈಲಿನ ವಾಸನೆ ಹಿತವೆನಿಸುವಷ್ಟು ತೆಳುವಾಗಿರುತ್ತಿತ್ತು. ಬೆಳಗಿನ ಐದರಿಂದ ಏಳೂವರೆ, ಮಧ್ಯಾಹ್ನ ಎರಡರಿಂದ ಐದು, ಇದು ಲಾಲಿಬಾಯಿಯ ಆಳ್ವಿಕೆಯ ಕಾಲ. ಬಲಗೈಯಲ್ಲಿ ಕಡ್ಡಿಪೊರಕೆ, ಎಡಗೈಯಲ್ಲಿ ಬಕೆಟ್ಟು, ಸೊಂಟಕ್ಕೆ ಸಿಕ್ಕಿಸಿದ ಒರೆಸುವ ಬಟ್ಟೆ, ಇಷ್ಟೇ ಸೈನ್ಯ. ಎದುರಾಳಿಗಳು ನಾಲ್ಕುನೂರು ಮಕ್ಕಳು; ತಲೆಗೆ ಎರಡರಂತೆ ಎಂಟುನೂರು ಬೂಟು; ಪ್ರತಿ ಬೂಟಿನಡಿಯಲ್ಲೂ ಕುಂಕಳ್ಳಿಯ ಕೆಂಪು ಮಣ್ಣು. ಹಲಸಿನ ಮರ ಯಾವ ಪಕ್ಷಕ್ಕೂ ಸೇರದೆ, ಅವಳು ಬೆನ್ನು ತಿರುಗಿಸಿದಾಗಲೆಲ್ಲ ಎಲೆ ಉದುರಿಸುತ್ತಿತ್ತು.

ಈ ಸಿಂಹಾಸನಕ್ಕೆ ಬರುವ ಮೊದಲು ಅವಳು ಹದಿನಾಲ್ಕು ವರ್ಷ ಕೋಲ್ವಾ ಕಡಲತೀರದ ಮರಳಿನ ಮೇಲೆ ಮಣಿಸರ ಮಾರಿದ್ದಳು. ವಿಜಯಪುರದ ಕಡೆಯ ತಾಂಡಾದಿಂದ ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳ ತಲೆಯ ಮೇಲೆ ಒಂದು ಗಂಟು ಹೊರಿಸಿ, ಕಿವಿಯಲ್ಲಿ ಒಂದು ಮಂತ್ರ ಹೇಳಿದ್ದಳು: ಕೊಳ್ಳುವವರಿಗೆ ಭಾರ ಗೊತ್ತಾಗಬಾರದು. ಗಂಟು ಎಷ್ಟೇ ತೂಗಲಿ, ಕಾದ ಮರಳಿಗೆ ಅಂಗಾಲು ಬೊಬ್ಬೆಯೇಳಲಿ, ಗಿರಾಕಿಯ ಎದುರು ನಿಂತಾಗ ಗಂಟು ಹತ್ತಿಯಾಗಿರಬೇಕು, ಮುಖ ಹಬ್ಬವಾಗಿರಬೇಕು. ಲಾಲಿಬಾಯಿ ಈ ವಿದ್ಯೆಯಲ್ಲಿ ಗುರುವನ್ನೂ ಮೀರಿಸಿದಳು. ರಷ್ಯಾದ ಹೆಂಗಸು "ಬೇಡ" ಎಂಬುದನ್ನು ತನ್ನ ಭಾಷೆಯಲ್ಲಿ ಹೇಳಿ ಮುಗಿಸುವುದರೊಳಗೆ ಅವಳ ಕಾಲಿಗೆ ಗೆಜ್ಜೆ ಬಿದ್ದಿರುತ್ತಿತ್ತು. "ಲೈಟ್ ಮ್ಯಾಡಮ್, ವೆರಿ ಲೈಟ್, ನೋ ಹೆವಿ" ಎಂಬುದು ಅವಳಿಗೆ ಬರುತ್ತಿದ್ದ ಅಷ್ಟೂ ಇಂಗ್ಲಿಷು. ಅದರಿಂದಲೇ ಆಕೆ ಅರ್ಧ ಯುರೋಪಿಗೆ ಕೊರಳಸರ ತೊಡಿಸಿದ್ದಳು.

ಆದರೆ ಮರಳಿನ ಮೇಲೆ ಮಾರುವುದಕ್ಕೆ ಪರವಾನಗಿ ಇರಲಿಲ್ಲ. ಪೋಲೀಸರು ಬಂದಾಗ ಓಡಬೇಕು, ಗಂಟು ಸಿಕ್ಕರೆ ಹೋಯಿತು. ಮೂರನೆಯ ಸಲ ಗಂಟು ಹೋದಾಗ ಅವಳು ಓಡುವುದನ್ನು ನಿಲ್ಲಿಸಿದಳು. ಗಂಡ ಠಾಕಪ್ಪ ಆಗಲೇ ಕುಂಕಳ್ಳಿಯ ಕಾರ್ಖಾನೆಗಳಲ್ಲಿ ಹೊರೆ ಏರಿಸುವ ಕೆಲಸ ಮಾಡುತ್ತಿದ್ದ. ಅಲ್ಲೊಬ್ಬರು ಇಲ್ಲೊಬ್ಬರಿಗೆ ಹೇಳಿ ಶಾಲೆಯ ಕೆಲಸ ಸಿಕ್ಕಿತು. ಕೆಲಸದ ಜೊತೆ ನೀರಿನ ಟಾಕಿಯ ಪಕ್ಕದ ಒಂದು ಖೋಲಿ, ಅದಕ್ಕೊಂದು ಬಾಗಿಲು, ಬಾಗಿಲಿಗೆ ಬೀಗ. ತಾಡಪತ್ರಿಯ ಕೆಳಗೆ ಹದಿನಾಲ್ಕು ವರ್ಷ ಮಲಗಿದವಳಿಗೆ ಬೀಗ ಎಂದರೆ ಏನೆಂದು ಬೀಗ ಇದ್ದವರಿಗೆ ತಿಳಿಯದು. ಮೊದಲ ವಾರ ಅವಳು ಸುಮ್ಮನೆ ಹಾಕಿ, ತೆಗೆದು, ಹಾಕಿ ನೋಡುತ್ತಿದ್ದಳು.

ಕೆಲಸ ಮಾತ್ರ ಒಂದೊಂದೇ ವರ್ಷದ್ದು. ಪ್ರತಿ ಜೂನಿನಲ್ಲೂ ಹೆಡ್‌ಸರ್ ಒಂದು ಕಾಗದ ಮುಂದಿಡುತ್ತಿದ್ದರು, ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು, ಹೆಡ್‌ಸರ್ "ಮುಂದಿನ ವರ್ಷ ಕಾಯಂ ನೋಡೋಣ" ಎನ್ನುತ್ತಿದ್ದರು. ಹೀಗೆ ಹನ್ನೊಂದು ಜೂನುಗಳು. ಅಷ್ಟರಲ್ಲಿ ಠಾಕಪ್ಪನ ಪಾದದ ಮೇಲೆ ಡ್ರಮ್ಮೊಂದು ಬಿದ್ದು, ಹೊರೆಯ ಕೆಲಸ ತಪ್ಪಿ, ಅವನು ಖೋಲಿಯ ಮುಂದೆ ಕುಳಿತು ಶಾಲೆಯ ಮುರಿದ ಬೆಂಚುಗಳಿಗೆ ಬಿಟ್ಟಿ ಮೊಳೆ ಹೊಡೆಯುವವನಾದ. ಈಗ ಇಬ್ಬರ ಅನ್ನವೂ ಖೋಲಿಯೂ ಆ ಒಂದು ಕಾಗದದ ಮೇಲೆ ನಿಂತಿತ್ತು. ದೇವರ ಪಟದ ಮುಂದೆ ಊದಿನಕಡ್ಡಿ ಹಚ್ಚಿದಾಗ ಲಾಲಿಬಾಯಿ ಬೇಡುತ್ತಿದ್ದದ್ದು ಸಂಪತ್ತನ್ನಲ್ಲ, ಆರೋಗ್ಯವನ್ನೂ ಅಲ್ಲ, ಕಾಯಂ ಅನ್ನು.

ಹೀಗಿರುವಾಗ, ಹೋದ ವರ್ಷ ದೀಪಾವಳಿ ರಜೆ ಮುಗಿದ ಕೂಡಲೇ, ಮೇಲಿನಿಂದ ಶಾಲೆಗೆ ಒಂದು ಆಜ್ಞೆ ಇಳಿಯಿತು. ಏಳನೆಯ ತರಗತಿಯ ಮಕ್ಕಳು ಒಂದು ಸಮಾಜಸೇವೆಯ ಯೋಜನೆ ಮಾಡತಕ್ಕದ್ದು. ಯೋಜನೆ ಮಕ್ಕಳದೇ ಆಗಿರತಕ್ಕದ್ದು. ಅದಕ್ಕೆ ಹದಿನಾಲ್ಕು ಅಂಕಣಗಳ ಫಾರಂ ತುಂಬತಕ್ಕದ್ದು. ತಾಲೂಕಿಗೆ ಮೊದಲು ಬಂದ ಯೋಜನೆಗೆ ಬಹುಮಾನ.

ಏಳನೆಯ ಬ ವಿಭಾಗದ ಮೂವತ್ತಾರು ವೀರರು ಗ್ರಂಥಾಲಯದಲ್ಲಿ ಯುದ್ಧಸಭೆ ಸೇರಿದರು. ಅಧ್ಯಕ್ಷತೆ ಫಿಲೋಮೆನಾ ಟೀಚರದ್ದು. ದಂಡನಾಯಕಿ ಮಲ್ಲಿಕಾ. ಈಕೆಗೆ ಹನ್ನೆರಡು ವರ್ಷ, ನಾಲ್ಕು ಬಣ್ಣದ ಪೆನ್ನು, ಗಣಿತದಲ್ಲಿ ನೂರಕ್ಕೆ ನೂರು. ಅಪ್ಪ ಪಂಚಾಕ್ಷರಿ ಧಾರವಾಡದ ಕಡೆಯವರು. ಮಾರ್ಕೆಟ್ಟಿನ ಹತ್ತಿರ ಅವರ ದೊಡ್ಡ ಅಂಗಡಿ, ಅಕ್ಕಿಯಿಂದ ಆಣಿಯವರೆಗೆ ಎಲ್ಲ ಸಿಗುವಂಥದ್ದು. ಶಾಲೆಯ ಪಾಲಕರ ಸಮಿತಿಗೂ ಅವರೇ ಅಧ್ಯಕ್ಷರು.

ಮೊದಲ ಸಲಹೆ ಗಿಡ ನೆಡುವುದು. ಹೋದ ಜುಲೈಯಲ್ಲಿ ನೆಟ್ಟ ಗಿಡಗಳು ಎಲ್ಲಿವೆ ಎಂದು ಯಾರೋ ಕೇಳಿದರು. ಸಭೆ ಒಂದು ನಿಮಿಷ ಮೌನ ಆಚರಿಸಿತು. ಎರಡನೆಯದು ವೃದ್ಧಾಶ್ರಮಕ್ಕೆ ಹಣ್ಣು ಹಂಚುವುದು. ಟೀಚರ್ ಫೋನ್ ಮಾಡಿದರು. ಈ ಆಜ್ಞೆ ಎಲ್ಲ ಶಾಲೆಗೂ ಹೋಗಿತ್ತಾದ್ದರಿಂದ ಅಲ್ಲಿಯ ಅಜ್ಜ ಅಜ್ಜಿಯರು ಮಾರ್ಚ್ ಕೊನೆಯವರೆಗೆ ಬುಕ್ ಆಗಿದ್ದರು; ದಿನಕ್ಕೆ ಎರಡು ಶಾಲೆಯ ಬಾಳೆಹಣ್ಣು ತಿಂದು ಕೆಲವರ ಹೊಟ್ಟೆ ಕೆಟ್ಟಿತ್ತು. ಮೂರನೆಯದು ಸಮುದ್ರತೀರದ ಸ್ವಚ್ಛತೆ. ಅಲ್ಲಿ ಪ್ರತಿ ಭಾನುವಾರ ಯಾವುದೋ ಕಂಪನಿಯವರು ಟೀ-ಶರ್ಟು ಹಾಕಿಕೊಂಡು ಕಸ ಎತ್ತುತ್ತಿದ್ದರು, ಮಕ್ಕಳಿಗೆ ಉಳಿಯುವಷ್ಟು ಕಸ ಇರುತ್ತದೆಂಬ ಭರವಸೆ ಇರಲಿಲ್ಲ. ಗೋವೆಯಂಥ ಗೋವೆಯಲ್ಲಿ ಸೇವೆ ಮಾಡಿಸಿಕೊಳ್ಳಲು ಒಬ್ಬ ದಿಕ್ಕಿಲ್ಲದವನೂ ಖಾಲಿ ಇರಲಿಲ್ಲ.

ಆಗ ಮಲ್ಲಿಕಾ ಎದ್ದು ನಿಂತು ಹೇಳಿದಳು: "ಟೀಚರ್, ನಮ್ಮ ಶಾಲೆಯನ್ನೇ ನಾವು ಸ್ವಚ್ಛ ಮಾಡಿದರೆ? ಪ್ರತಿದಿನ, ಪ್ರಾರ್ಥನೆಗೆ ಮೊದಲು?"

ಸಭೆ ಚಪ್ಪಾಳೆ ತಟ್ಟಿತು. ಬಸ್ಸು ಬೇಡ, ಅನುಮತಿ ಬೇಡ, ಬಾಳೆಹಣ್ಣು ಬೇಡ. ಫಾರಮ್ಮಿನ ಅಂಕಣಗಳು ಪಟಪಟನೆ ತುಂಬಿದವು. ಒಂಬತ್ತನೆಯ ಅಂಕಣದಲ್ಲಿ, ಈ ಯೋಜನೆಯಿಂದ ಯಾರಿಗಾದರೂ ತೊಂದರೆ ಆಗಬಹುದೇ ಎಂದು ಕೇಳಿತ್ತು. ಮಕ್ಕಳು ಪ್ರಾಮಾಣಿಕವಾಗಿ ಯೋಚಿಸಿದರು. ಕೊನೆಗೆ ಮಲ್ಲಿಕಾ ಹಸಿರು ಪೆನ್ನಿನಿಂದ "ಜಿರಲೆಗಳಿಗೆ" ಎಂದು ಬರೆದಳು. ಟೀಚರ್ ನಕ್ಕು, ಅದನ್ನು ಹೊಡೆದು, "ಇಲ್ಲ" ಎಂದು ತಿದ್ದಿದರು. ಹನ್ನೊಂದನೆಯ ಅಂಕಣ, ಸ್ಥಳೀಯ ತಜ್ಞರ ಹೆಸರು. ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ತಜ್ಞೆ ಆಗ ಖೋಲಿಯ ಮುಂದೆ ಕುಳಿತು ಪೊರಕೆಯ ಕಡ್ಡಿಗಳನ್ನು ಬಿಗಿದು ಕಟ್ಟುತ್ತಿದ್ದಳು. ಇಡೀ ಶಾಲೆಗೆ ಅವಳು ಮಾವ್ಶಿ, ಅಂದರೆ ಚಿಕ್ಕಮ್ಮ; ಆದರೆ ಅವಳೊಡನೆ ಕನ್ನಡ ಆಡುವ ಜೀವ ಮಲ್ಲಿಕಾ ಒಬ್ಬಳೇ.

"ಮಾವ್ಶಿ, ನಿನ್ನ ಹೆಸರು ಬರದೇನಿ ನೋಡು. ಇಂಗ್ಲಿಷಿನ್ಯಾಗ."

"ಯಾಕವ್ವ, ನಾ ಏನ್ ತಪ್ಪ ಮಾಡಿದೆ?" ಲಾಲಿಬಾಯಿಗೆ ಕಾಗದದ ಮೇಲೆ ಹೆಸರು ಬರುವುದೆಂದರೆ ಪೋಲೀಸರ ನೆನಪು.

"ತಪ್ಪಲ್ಲ. ನೀ ನಮ್ಮ ತಜ್ಞೆ. ಅಂದ್ರ, ಈ ಕೆಲಸದಾಗ ನಿನ್ನಷ್ಟ ಶಾಣ್ಯಾ ಯಾರೂ ಇಲ್ಲ ಅಂತ. ಪಣಜಿತನಾ ಹೋಗತೈತಿ ಈ ಕಾಗದಾ."

ಠಾಕಪ್ಪ ಮೊಳೆ ಬಾಯಲ್ಲಿ ಹಿಡಿದುಕೊಂಡೇ ಹೇಳಿದ: "ಪಣಜಿಗಿ? ಸಂಡಾಸ ತೊಳಿಯಾಕಿ ಹೆಸರು?"

"ನೀ ಸುಮ್ಮ ಕುಂದ್ರು. ಬಾಯಾಗ ಮಳಿ ಇಟ್ಕೊಂಡ ಮಾತಾಡಬ್ಯಾಡ, ನುಂಗಿಗಿಂಗೀ." ಲಾಲಿಬಾಯಿ ಮಗುವಿನ ಕಡೆ ತಿರುಗಿ ದನಿ ಇಳಿಸಿದಳು. "ಅವ್ವಿ, ಆ ಕಾಗದಾ ಹೆಡ್‌ಸರೂ ನೋಡ್ತಾರನ?"

"ನೋಡಿ ಸಹಿ ಮಾಡ್ತಾರ."

ಲಾಲಿಬಾಯಿಯ ತಲೆಯಲ್ಲಿ ಹನ್ನೊಂದು ಜೂನುಗಳು ಒಂದರ ಹಿಂದೊಂದು ಎದ್ದು ನಿಂತವು. ಪಣಜಿಯವರೆಗೆ ಹೆಸರು ಹೋದ ತಜ್ಞೆಯನ್ನು ಯಾವ ಹೆಡ್‌ಸರ್ ತಾನೆ ಕಾಯಂ ಮಾಡದೆ ಇದ್ದಾರು?

"ಕೇಳವ್ವ, ಏನ್ ಕೇಳ್ತಿ ಕೇಳು."

"ಒಂದ್ ಸಂಡಾಸ ತೊಳಿಯಾಕ ಎಷ್ಟ ನಿಮಿಷ ಬೇಕು? ಹುಡುಗೂರು ಹೆದರ್ಯಾವ ಮಾವ್ಶಿ. ಅವರ ಅವ್ವಂದಿರೂ ಬ್ಯಾಡ ಅನ್ನಾಕತ್ತಾರ. ಭಾಳ ಹೊತ್ತ ಹಿಡಿಯೂದಾದ್ರ ಟೀಚರ್ ಯೋಜನಾನ ಬಿಟ್ಟಬಿಡೂಣು ಅಂತಾರ."

ನಿಜವಾದ ಉತ್ತರ ಹದಿನೈದು ನಿಮಿಷ. ಎಂಟನೆಯ ತರಗತಿಯ ಗಂಡುಮಕ್ಕಳದ್ದಾದರೆ ಇಪ್ಪತ್ತೈದು. ಆದರೆ ಎದುರಿಗೆ ನಿಂತಿದ್ದದ್ದು ಗಿರಾಕಿ. ಕೊಳ್ಳಲೋ ಬಿಡಲೋ ಎಂದು ಅರ್ಧ ತಿರುಗಿ ನಿಂತ ಗಿರಾಕಿ. ಲಾಲಿಬಾಯಿಯ ಮುಖ ತಾನಾಗಿಯೇ ಹಬ್ಬವಾಯಿತು.

"ಅಯ್ಯ, ಅದರಾಗೇನೈತಿ! ಎರಡ ನಿಮಿಷ. ಹೂವ ಎತ್ತಿದಂಗ. ಕರಕೊಂಬಾ ನಿಮ್ಮ ಮಂದಿನ್ನ, ತೋರಸ್ತೇನಿ."

ಪ್ರಾತ್ಯಕ್ಷಿಕೆ ಶುಕ್ರವಾರ ಮಧ್ಯಾಹ್ನ ಮೂರೂವರೆಗೆ. ಶಾಲೆ ಬಿಟ್ಟದ್ದು ಒಂದೂವರೆಗೆ. ಆ ಎರಡು ತಾಸು ಲಾಲಿಬಾಯಿ ಊಟ ಬಿಟ್ಟು, ಆಸಿಡ್ ಹಾಕಿ, ಇಟ್ಟಿಗೆಯ ಚೂರಿನಿಂದ ಉಜ್ಜಿ, ಒಂಬತ್ತೂ ಪಾಯಖಾನೆಗಳನ್ನು ಮದುವೆಯ ತಾಟಿನಂತೆ ಮಾಡಿಟ್ಟಳು. ತರಗತಿಗಳನ್ನೂ ಗುಡಿಸಿ, ಆಮೇಲೆ ಅಲ್ಲಲ್ಲಿ ಕಾಗದದ ಚೂರುಗಳನ್ನು ಕೈಯಾರೆ ಹರಡಿದಳು, ಪೂರ್ತಿ ಚೊಕ್ಕಟವಾಗಿದ್ದರೆ ಅನುಮಾನ ಬರುತ್ತದಲ್ಲ. ಠಾಕಪ್ಪ ಕುಂಟುತ್ತಾ ಬಂದು ಬಾಗಿಲಲ್ಲಿ ನಿಂತ.

"ಲೇ, ನಿನಗ ಹುಚ್ಚ ಹಿಡದೈತೇನ? ತೊಳದದ್ದನ್ನ ತೊಳದ ತೋರಸ್ತೀ?"

"ಗಂಟಿನ್ಯಾಗ ಚಲೋ ಸರ ಮ್ಯಾಲ ಇಡತಿದ್ದಿಲ್ಲೇನ ನಾವು? ಹಂಗ ಇದು."

"ಸರ ಮಾರಿದ್ರ ರೊಕ್ಕ ಬರತಿತ್ತು. ಇದನ್ನ ಮಾರಿದ್ರ ಏನ್ ಬರತೈತಿ?"

"ಕಾಯಂ ಬರತೈತಿ. ಸರಿ ಅತ್ತಾಗ, ನೆಲಾ ಹಸಿ ಐತಿ."

ಮೂರೂವರೆಗೆ ಸೈನ್ಯ ಬಂತು. ಫಿಲೋಮೆನಾ ಟೀಚರ್ ಫೋನಿನಲ್ಲಿ ಗಡಿಯಾರ ಒತ್ತಿದರು. ಲಾಲಿಬಾಯಿ ಸೀರೆಯ ಸೆರಗು ಬಿಗಿದು, ಬಕೆಟ್ಟನ್ನು ಒಂದೇ ಬೆರಳಿಗೆ ಸಿಕ್ಕಿಸಿ, ನಡೆದ ರೀತಿಯನ್ನು ನೋಡಬೇಕಿತ್ತು. ನೀರು ಚಿಮ್ಮಿತು, ಬ್ರಷ್ಷು ಮೂರು ಸುತ್ತು ತಿರುಗಿತು, ಮತ್ತೆ ನೀರು, ಮುಗಿಯಿತು. ಒಂದು ನಿಮಿಷ ಐವತ್ತು ಸೆಕೆಂಡು. ಮಕ್ಕಳು ಕೇಕೆ ಹಾಕಿದರು. ತರಗತಿ ಮೂರು ನಿಮಿಷ. ವರಾಂಡ ನಾಲ್ಕು. ಅವಳು ಏದುಸಿರು ಬಿಡಲಿಲ್ಲ. ಏದುಸಿರನ್ನು ಖೋಲಿಗೆ ಹೋದ ಮೇಲೆ ಬಿಡಬೇಕೆಂದು ತೆಗೆದಿಟ್ಟಿದ್ದಳು. "ಲೈಟ್, ವೆರಿ ಲೈಟ್" ಎಂದಳು ಟೀಚರಿಗೆ, ನಗುತ್ತಾ. ಅವಳ ಜೀವಮಾನದಲ್ಲೇ ಇಷ್ಟು ಚೆನ್ನಾದ ವ್ಯಾಪಾರ ಆಗಿರಲಿಲ್ಲ.

ಮಲ್ಲಿಕಾ ಆ ಸಂಜೆಯೇ ಲೆಕ್ಕ ಹಾಕಿದಳು. ಮೂವತ್ತಾರು ಮಕ್ಕಳು, ಆರು ದಳ, ದಳಕ್ಕೊಂದು ಬಣ್ಣ. ಪ್ರತಿ ದಳಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ. ದೊಡ್ಡ ಹಾಳೆಯ ಮೇಲೆ ನಾಲ್ಕೂ ಪೆನ್ನಿನಲ್ಲಿ ಬರೆದಳು: "ಕೇವಲ ಇಪ್ಪತ್ತು ನಿಮಿಷದಲ್ಲಿ ಸ್ವಚ್ಛ ಶಾಲೆ!" ಪಂಚಾಕ್ಷರಿಯವರು ಅದನ್ನು ಹೆಮ್ಮೆಯಿಂದ ಫೋಟೋ ಹೊಡೆದು ಪಾಲಕರ ಗುಂಪಿಗೆ ಕಳಿಸಿದರು. ಪಾಲಕರು ತಮ್ಮ ತಮ್ಮ ಗುಂಪುಗಳಿಗೆ ಕಳಿಸಿದರು. ಒಂದು ವಾರದಲ್ಲಿ ಕುಂಕಳ್ಳಿಯ ಫೋನು ಇದ್ದವರೆಲ್ಲರಿಗೂ ಆ ಇಪ್ಪತ್ತು ನಿಮಿಷ ಬಾಯಿಪಾಠವಾಯಿತು. ಮೂವತ್ತಾರು ಮಕ್ಕಳು ಎಂಬುದು ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು.

ಡಿಸೆಂಬರ್ ಒಂದರಿಂದ ಸೇವೆ ಶುರು. ಮಕ್ಕಳು ಕೈಗವಸು, ಮುಖಕವಚ, ಏಪ್ರನ್ನು ಧರಿಸಿ, ರಣರಂಗಕ್ಕೆ ಹೊರಟವರಂತೆ ಬರುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಶಾಲೆ ಥಳಥಳ ಹೊಳೆಯುತ್ತಿತ್ತು. ಏಕೆ ಹೊಳೆಯಬಾರದು? ಯೋಜನೆ ಸೋತರೆ ತಜ್ಞೆಯ ಮಾನ ಹೋಗುತ್ತದೆಂದು ಲಾಲಿಬಾಯಿ ಐದರ ಬದಲು ನಾಲ್ಕಕ್ಕೇ ಎದ್ದು ಎಲ್ಲವನ್ನೂ ಮುಗಿಸಿ, ಮಕ್ಕಳಿಗೆಂದು ಸ್ವಲ್ಪ ಧೂಳು, ಒಂದಿಷ್ಟು ಎಲೆ ಉಳಿಸಿಡುತ್ತಿದ್ದಳು. ಅವರು ಹೋದ ಮೇಲೆ ಅವರು ಚೆಲ್ಲಿದ ಸೋಪಿನ ನೀರನ್ನು ಒರೆಸುತ್ತಿದ್ದಳು.

"ಹುಡುಗೂರು ಸೇವಾ ಮಾಡಾಕತ್ತಾವು, ನಿನ್ನ ಸೊಂಟ ಮುರಿಯಾಕತ್ತೈತಿ" ಎಂದ ಠಾಕಪ್ಪ.

"ಜೂನ್ ಬರಲಿ, ನೋಡಿಯಂತ."

ಜೂನಿಗಿಂತ ಮೊದಲು ಫೆಬ್ರುವರಿ ಬಂತು. ಯೋಜನೆಗೆ ತಾಲೂಕಿನಲ್ಲಿ ಮೊದಲ ಸ್ಥಾನ. ಶಾಲೆಯ ಅಂಗಳದಲ್ಲಿ ಪೆಂಡಾಲು, ಮೈಕು, ಮುಖ್ಯ ಅತಿಥಿಗಳು. ತಜ್ಞೆಯನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. ಹೆಡ್‌ಸರ್ ಇಂಗ್ಲಿಷಿನಲ್ಲಿ ಭಾಷಣ ಮಾಡಿ, ನಮ್ಮ ಮಕ್ಕಳು ಶಾಲೆಯನ್ನು ಸ್ವಾವಲಂಬಿಯಾಗಿ ಮಾಡಿದ್ದಾರೆ, ಇನ್ನು ಮೇಲೆ ನಮಗೆ ಹೊರಗಿನ ಕೈ ಬೇಕಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಲಾಲಿಬಾಯಿ, ತೆಂಗಿನಕಾಯಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು. ಕಾರ್ಯಕ್ರಮ ಮುಗಿದ ಮೇಲೆ ಗುಮಾಸ್ತ ಅವಳ ಕೈಗೆ ಒಂದು ಲಕೋಟೆ ಕೊಟ್ಟು, "ದೇವ ಬರೆಂ ಕರುಂ ಮಾವ್ಶಿ" ಎಂದ. ದೇವರು ಒಳ್ಳೆಯದು ಮಾಡಲಿ.

ಅವಳು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮಲ್ಲಿಕಾಳನ್ನು ಹುಡುಕಿದಳು. ಮಲ್ಲಿಕಾ ಹಲಸಿನ ಮರದ ಕಟ್ಟೆಯ ಮೇಲೆ ಕುಳಿತು, ಬಹುಮಾನದ ಪದಕವನ್ನು ಹಲ್ಲಿನಿಂದ ಕಚ್ಚಿ ನೋಡುತ್ತಿದ್ದಳು.

"ಅವ್ವಿ, ಬಂತ ನೋಡು! ಓದು, ಜಲ್ದಿ ಓದು."

"ಏನ ಬಂತು ಮಾವ್ಶಿ?"

"ಕಾಯಂ ಕಾಗದಾ. ಓದ ನೀ."

ಮಲ್ಲಿಕಾ ಲಕೋಟೆ ಒಡೆದಳು. ಅವಳ ಕಣ್ಣು ಸಾಲುಗಳ ಮೇಲೆ ಓಡಿ, ನಡುವೆ ಎಲ್ಲೋ ನಿಂತುಬಿಟ್ಟಿತು.

"ಏನ್ ಬರದಾರ?"

"ಥ್ಯಾಂಕ್ಸ್ ಅಂತ ಬರದಾರ. ಹನ್ನೊಂದ ವರ್ಷ ಚಲೋ ಕೆಲಸ ಮಾಡಿದ್ದಕ್ಕ."

"ಹೌದ? ಹಂಗ ಬರದಾರ?" ಲಾಲಿಬಾಯಿ ಶಾಲನ್ನು ಸರಿಮಾಡಿಕೊಂಡಳು. "ಮುಂದ?"

"ಮತ್ತ ಥ್ಯಾಂಕ್ಸ್. ಈ ಯೋಜನಾಕ್ಕ ಸಹಾಯ ಮಾಡಿದ್ದಕ್ಕ."

"ಎರಡ ಸಲ! ಮುಂದ ಓದವ್ವ, ಕಾಯಂ ಎಲ್ಲೈತಿ?"

ಮಲ್ಲಿಕಾ ಕಾಗದವನ್ನು ಮಡಚಲು ಹೋದಳು.

"ಯಾಕ ನಿಂತಿ? ಅಕ್ಷರಾ ದೊಡ್ಡವ ಅದಾವನ?"

"ಮಾವ್ಶಿ... ಮಾರ್ಚ್ ಮುಗದ ಮ್ಯಾಲ ಬರಬ್ಯಾಡ ಅಂತ ಬರದಾರ. ಹುಡುಗೂರ ಇಪ್ಪತ್ತ ನಿಮಿಷದಾಗ ಮಾಡ್ತಾರಂತ. ಖೋಲಿ ಖಾಲಿ ಮಾಡಬೇಕಂತ. ಅದರಾಗ ನಮ್ಮ ಬಕೆಟ್ಟ, ಕಸಬರಿಗಿ ಇಡ್ತಾರಂತ."

ಲಾಲಿಬಾಯಿ ಕಾಗದವನ್ನು ವಾಪಸು ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು, ತಾನೇ ಓದುವವಳಂತೆ ನೋಡಿದಳು. "ನೀ ತಪ್ಪ ಓದಿದಿ" ಎಂದಳು. "ಸಣ್ಣಾಕಿ ನೀನು." ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು, ಪೆಂಡಾಲಿನಲ್ಲಿ ಬಿದ್ದಿದ್ದ ನಾಲ್ಕುನೂರು ತಿಂಡಿಪೊಟ್ಟಣಗಳನ್ನು ಎತ್ತಲು ಹೋದಳು. ಅದು ಯೋಜನೆಯಲ್ಲಿ ಇರಲಿಲ್ಲ.

ಮಲ್ಲಿಕಾ ಮರುದಿನ ಫಿಲೋಮೆನಾ ಟೀಚರ ಹತ್ತಿರ ಹೋಗಿ ಅತ್ತಳು. ಟೀಚರ್ ಕೆಟ್ಟವರಲ್ಲ. ಅವರು ಹೆಡ್‌ಸರ್ ಹತ್ತಿರ ಹೋದರು. ಹೆಡ್‌ಸರೂ ಕೆಟ್ಟವರಲ್ಲ. ಅವರು ಫಾರಮ್ಮಿನ ಪ್ರತಿ ತೆಗೆದು ಒಂಬತ್ತನೆಯ ಅಂಕಣ ತೋರಿಸಿದರು. ಯಾರಿಗಾದರೂ ತೊಂದರೆ ಆಗಬಹುದೇ? ಇಲ್ಲ. ಅದು ಟೀಚರದ್ದೇ ಕೈಬರಹ. ಪಣಜಿಗೆ ಹೋದ ಕಾಗದವನ್ನು ಸುಳ್ಳು ಮಾಡುವುದು ಹೇಗೆ ಎಂದು ಹೆಡ್‌ಸರ್ ಕೇಳಿದರು, ಟೀಚರ್ ತರಗತಿಗೆ ಮರಳಿದರು.

ಏಪ್ರಿಲ್ ಒಂದಕ್ಕೆ ಲಾಲಿಬಾಯಿ ಬೀಗದ ಕೈಯನ್ನು ಗುಮಾಸ್ತನಿಗೆ ಕೊಟ್ಟಳು. ಕಾರ್ಖಾನೆಗಳ ಹಿಂದಿನ ತಗಡಿನ ಸಾಲಿನಲ್ಲಿ ಒಂದು ಗೂಡು ಸಿಕ್ಕಿತು. ಬಾಗಿಲಿಗೆ ಬದಲು ಗೋಣಿತಟ್ಟು. ಬಿಸಿಲಿಗೆ ತಗಡು ಕಾದು, ಠಾಕಪ್ಪ ಹಗಲೆಲ್ಲ ಗೋಡೆಯ ನೆರಳು ಸರಿದಂತೆ ತಾನೂ ಸರಿಯುತ್ತಿದ್ದ.

ಶಾಲೆಯಲ್ಲಿ ಏನಾಯಿತೆಂದು ಹೇಳಬೇಕೆ? ನಾಲ್ಕು ಗಂಟೆಗೆ ಎದ್ದು ಯೋಜನೆಯನ್ನು ಯಶಸ್ವಿ ಮಾಡುವವರು ಯಾರೂ ಇಲ್ಲದ್ದರಿಂದ, ಎರಡು ವಾರದಲ್ಲಿ ಪಾಯಖಾನೆಗಳ ವಾಸನೆ ಪ್ರಾರ್ಥನೆಗೂ ಬಂದು ನಿಂತಿತು. ಹೆಣ್ಣುಮಕ್ಕಳು ಬೆಳಗಿನಿಂದ ನೀರು ಕುಡಿಯುವುದನ್ನು ಬಿಟ್ಟರು, ಒಳಗೆ ಹೋಗುವ ಪ್ರಸಂಗವೇ ಬರದಿರಲೆಂದು. ಐದನೆಯ ತರಗತಿಯ ಒಬ್ಬಳು ತಲೆಸುತ್ತಿ ಬಿದ್ದಳು. ಆದರೆ ಬಹುಮಾನ ಬಂದ ಯೋಜನೆ ತಪ್ಪಾಗಿರುವುದು ಸಾಧ್ಯವೇ? ಆದ್ದರಿಂದ ತಪ್ಪು ಮಕ್ಕಳದೇ ಇರಬೇಕೆಂದು ಹೆಡ್‌ಸರ್ ತೀರ್ಮಾನಿಸಿ, ಸಾಲಾಗಿ ನಿಲ್ಲಿಸಿ ಬೈದರು. "ಇಪ್ಪತ್ತು ನಿಮಿಷದ ಕೆಲಸ, ಅಷ್ಟೂ ಆಗುವುದಿಲ್ಲವೇ ನಿಮಗೆ?"

ಅತ್ತ ಲಾಲಿಬಾಯಿ ಕೆಲಸ ಹುಡುಕುತ್ತಾ ಮನೆಮನೆ ಅಲೆದಳು. ಕುಂಕಳ್ಳಿಯಲ್ಲಿ ಅವಳನ್ನು ತಿಳಿಯದವರಿರಲಿಲ್ಲ, ಅದೇ ಕಷ್ಟವಾಯಿತು. "ಓ, ಇಪ್ಪತ್ತು ನಿಮಿಷದ ಲಾಲಿಬಾಯಿ!" ಎಂದು ಪ್ರೀತಿಯಿಂದಲೇ ಬಾಗಿಲು ತೆರೆಯುತ್ತಿದ್ದರು. ಇಡೀ ಶಾಲೆ ಇಪ್ಪತ್ತು ನಿಮಿಷ ಅಂದರೆ ನಮ್ಮ ನಾಲ್ಕು ಕೋಣೆ ಎಷ್ಟು, ಮೂರು ನಿಮಿಷವೇ? ಮೂರು ನಿಮಿಷಕ್ಕೆ ಕೂಲಿ ಎಂದು ಏನು ಕೊಡುವುದು, ನಿನ್ನೆಯ ಪೋಳಿ ಇದೆ, ಒಯ್ಯುತ್ತೀಯಾ? ಅವಳು ಆ ತಂಗಳು ಚಪಾತಿ ಒಯ್ದಳು. ಠಾಕಪ್ಪ ತಿಂದ. ಅವನು ಈಗ ಮಾತಿನಿಂದ ಚುಚ್ಚುವುದನ್ನು ಬಿಟ್ಟಿದ್ದ, ಅದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಮೇ ತಿಂಗಳಲ್ಲಿ ಪಂಚಾಕ್ಷರಿಯವರು ಹೇಳಿ ಕಳಿಸಿದರು. ಅಂಗಡಿಯ ಹಿಂದಿನ ಗೋದಾಮು ಗುಡಿಸುವ ಕೆಲಸ. ಮೊದಲಿದ್ದವಳು ಊರಿಗೆ ಹೋಗಿದ್ದಳು. ಒಂದು ದಿನ ಮಾಡಿ ತೋರಿಸಲಿ, ಸರಿಹೋದರೆ ದಿನವೂ ಬರಲಿ. ಲಾಲಿಬಾಯಿ ಬೆಳಿಗ್ಗೆ ಆರಕ್ಕೆ ಗೋದಾಮಿನ ಬಾಗಿಲಲ್ಲಿದ್ದಳು.

ಆ ಗೋದಾಮು ಶಾಲೆಯ ಐದು ತರಗತಿಗಳಷ್ಟು ದೊಡ್ಡದು. ಅಕ್ಕಿಯ ಚೀಲಗಳ ಸಂದಿಯಲ್ಲಿ ಇಲಿಯ ಹಿಕ್ಕೆ, ಸಿಮೆಂಟಿನ ಧೂಳು, ಒಡೆದ ಬೆಲ್ಲದ ಪೆಂಟೆಗೆ ಮುತ್ತಿದ ಇರುವೆ, ಎಣ್ಣೆ ಸೋರಿ ಅಂಟಾದ ನೆಲ. ಮಲ್ಲಿಕಾ ರಜೆಯಾದ್ದರಿಂದ ಅಪ್ಪನ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದಳು. ಅಲ್ಲಿಂದ ಗೋದಾಮಿನ ಬಾಗಿಲು ಕಾಣುತ್ತಿತ್ತು, ಗೋಡೆಯ ಗಡಿಯಾರವೂ ಕಾಣುತ್ತಿತ್ತು. ಕಳೆದ ತಿಂಗಳಿಂದ ಅವಳು ಲಾಲಿಬಾಯಿಯನ್ನು ನೋಡಿರಲಿಲ್ಲ. ಮಾತಾಡಿಸಬೇಕೆಂದು ಎರಡು ಸಲ ಎದ್ದು ಎರಡು ಸಲ ಕುಳಿತಳು. ಒಳಗಿನಿಂದ ಪೊರಕೆಯ ಸದ್ದು, ಚೀಲ ಎಳೆಯುವ ಸದ್ದು, ಕೆಮ್ಮು. ಆರೂ ಕಾಲು. ಆರೂವರೆ. ಏಳು. ಕೆಮ್ಮು ಬಂದಾಗಲೆಲ್ಲ ಪೊರಕೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಏಳೂವರೆಗೆ ಪಂಚಾಕ್ಷರಿಯವರು ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮೇಲಿನ ಮನೆಯಿಂದ ಅಂಗಡಿಗೆ ಇಳಿದರು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಲಾಲಿಬಾಯಿ ಹೊರಬಂದಳು. ಹುಬ್ಬು, ಕೂದಲು, ಕುಪ್ಪಸ ಎಲ್ಲ ಸಿಮೆಂಟಿನ ಬಣ್ಣ. ಬಾಗಿಲ ಚೌಕಟ್ಟನ್ನು ಒಂದು ಕ್ಷಣ ಹಿಡಿದುಕೊಂಡು, ಬಿಟ್ಟು, ನೆಟ್ಟಗೆ ನಿಂತು, ಮುಖವನ್ನು ಸೆರಗಿನಿಂದ ಒರೆಸಿ, ನಗುವನ್ನು ಎತ್ತಿ ಮುಖದ ಮೇಲಿಟ್ಟಳು.

"ಆತ್ರಿ ಸಾವಕಾರ್ರ."

ಪಂಚಾಕ್ಷರಿ ಒಳಗೆ ಹೋಗಿ ನೋಡಿ ಬಂದರು. "ಚಲೋ ಮಾಡಿ. ಭಾಳ ಚಲೋ ಮಾಡಿ. ಎಷ್ಟ ಹೊತ್ತ ಹಿಡೀತು?"

"ಇಪ್ಪತ್ತ ನಿಮಿಷರಿ."

ಮಲ್ಲಿಕಾ ಸ್ಟೂಲಿನಿಂದ ಇಳಿದಳು. ಮೂರು ತಿಂಗಳಿಂದ ಎದೆಯಲ್ಲಿ ಕುಳಿತಿದ್ದ ತಪ್ಪನ್ನು ಸರಿ ಮಾಡುವ ಗಳಿಗೆ ಕೊನೆಗೂ ಬಂದಿತ್ತು.

"ಇಲ್ಲಪ್ಪ! ಆರಕ್ಕ ಬಂದಾಳ. ನಾ ನೋಡೇನಿ. ಒಂದ ತಾಸು ಐವತ್ತ ನಿಮಿಷ ಆಗೇತಿ. ಆಕಿ ಸುಳ್ಳ ಹೇಳಾಕತ್ತಾಳ. ಅಷ್ಟ ಹೊತ್ತಿನ ಕೂಲಿ ಕೊಡಬೇಕ ನೀ."

ಪಂಚಾಕ್ಷರಿ ಗಡಿಯಾರ ನೋಡಿದರು, ಲಾಲಿಬಾಯಿಯನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಚಿಂತೆಯಿತ್ತು. ತೂಕದಲ್ಲಿ ವ್ಯತ್ಯಾಸ ಕಂಡಾಗ ಅವರಿಗೆ ಬರುವ ಚಿಂತೆ ಅದು.

"ಎರಡ ತಾಸನ? ಯಾಕ ಲಾಲಿ, ಕೈ ನಿಧಾನ ಆದುವೇನ? ಮೈಯಾಗ ಆರಾಮಿಲ್ಲೇನ? ಶಾಲಿನ್ನ ಇಪ್ಪತ್ತ ನಿಮಿಷದಾಗ ಮಾಡಾಕಿ ಇದಕ್ಕ ಎರಡ ತಾಸು ಅಂದ್ರ..." ಅವರು ಮಾತು ಮುಗಿಸಲಿಲ್ಲ. "ಸುಂದರವ್ವ ಅಂತ ಒಬ್ಬಾಕಿ ಬರತೇನಂತ ಅಂದಾಳ. ಸಣ್ಣ ವಯಸ್ಸಿನಾಕಿ."

ಲಾಲಿಬಾಯಿ ಮಲ್ಲಿಕಾಳ ಕಡೆ ನೋಡಿ ಜೋರಾಗಿ ನಕ್ಕಳು. ನಗುವಿನ ನಡುವೆ ಕೆಮ್ಮು ಬಂತು, ಅದನ್ನೂ ನಗುವಿನೊಳಗೇ ಸೇರಿಸಿದಳು.

"ಸಾವಕಾರ್ರ, ಕೂಸಿನ ಮಾತ ಕೇಳಿ ಹೆದರಿದ್ರೇನ? ನಾ ಕೆಲಸಕ್ಕ ಹತ್ತಿದ್ದ ಈಗ್ರಿ. ಆರಕ್ಕ ಬಂದ ಹೊರಗ ಕುಂತಿದ್ದೆ, ಎಲೆ ಅಡಕಿ ಹಾಕ್ಕೋತ. ಒಳಗ ಹೋಗಿದ್ದ ಏಳೂವರಿಗಿ. ಈ ಹುಡುಗಿಗಿ ಗಡಿಯಾರ ನೋಡೂದು ಬರೂದಿಲ್ರಿ ಇನ್ನೂ. ಶಾಲ್ಯಾಗ ಕಲಸಿಲ್ಲೇನವ್ವ?"

ಮಲ್ಲಿಕಾ ಬಾಯಿ ತೆರೆದಳು. ಲಾಲಿಬಾಯಿ ಇನ್ನೂ ನಗುತ್ತಲೇ ಇದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಆ ಕಣ್ಣು ಬೇಡ, ಬೇಡ, ಇನ್ನೊಂದು ಉಪಕಾರ ಬೇಡ ಎನ್ನುತ್ತಿತ್ತು.

"ಏನಬೇ, ಖರೇನ?" ಎಂದರು ಪಂಚಾಕ್ಷರಿ. "ಸರಿ ನೋಡಿದ್ದ್ಯೋ ಇಲ್ಲೋ?"

ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವ ಹುಡುಗಿ ನೆಲ ನೋಡಿದಳು. "ಸರಿ ನೋಡಿಲ್ಲಪ್ಪ" ಎಂದಳು.

"ಹಂಗ ಅನ್ನು ಮತ್ತ. ಸುಮ್ಮನ ಬಡವರ ಮ್ಯಾಲ ಸುಳ್ಳ ಹೇಳಬಾರದು." ಪಂಚಾಕ್ಷರಿಯವರ ಮುಖ ತಿಳಿಯಾಯಿತು. "ನಾಳಿಂದ ದಿನಾ ಬಾ ಲಾಲಿ. ಇಪ್ಪತ್ತ ನಿಮಿಷದ ಕೆಲಸ, ಇಪ್ಪತ್ತ ನಿಮಿಷದ ಕೂಲಿ. ನಾ ಯಾರಿಗೂ ಅನ್ಯಾಯ ಮಾಡೂ ಮನಶ್ಯಾ ಅಲ್ಲ."

"ಹೌದ್ರಿ, ನನಗ ಗೊತ್ತಿಲ್ಲೇನ" ಎಂದಳು ಲಾಲಿಬಾಯಿ.

ಮರುದಿನದಿಂದ ಅವಳು ಐದೂವರೆಗೇ ಬಂದಳು, ಅಂಗಡಿಯ ಮನೆಯಲ್ಲಿ ಯಾರೂ ಏಳುವ ಮೊದಲು.